ನಿಕ್ಕಲ್ ಕಡಿಮೆ ಇರುವ ಸ್ಟೇನ್‌ಲೆಸ್ ಸ್ಟೀಲು ಗೋದಾಮಿನ ಟ್ರಸ್ಸಿಗೆ ನಡೆಯುತ್ತಾ?

ದಾವಣಗೆರೆಯಲ್ಲಿ ಮೆಕ್ಕೆಜೋಳದ ಗೋದಾಮು, ಟ್ರಸ್ಸಿಗೆ (ಛಾವಣಿ ಹೊರುವ ಚೌಕಟ್ಟಿಗೆ) 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ಕೈಗೆಟುಕುತ್ತಿಲ್ಲ, ಅಂಗಡಿಯವರು ತೋರಿಸಿದ, ನಿಕ್ಕಲ್ ಕಡಿಮೆಯ 200 ಸರಣಿ ಹಾಕಿಸಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಬೇಡ.

304ರಲ್ಲಿ ದುಡ್ಡು ತಿನ್ನುವುದು ಅದರ ಶೇ. 8 ನಿಕ್ಕಲ್. ತುಕ್ಕು ತಡೆಯುವುದು ಮಾತ್ರ ಕ್ರೋಮಿಯಂ, ಶೇ. 10.5 ಇದ್ದರೆ ಸ್ಟೇನ್‌ಲೆಸ್ ಅನ್ನಿಸಿಕೊಳ್ಳುತ್ತದೆ. 200 ಸರಣಿಯಲ್ಲಿ ನಿಕ್ಕಲ್ ಬದಲು ಮ್ಯಾಂಗನೀಸು, ನೈಟ್ರೋಜನ್ನು. (ಮ್ಯಾಂಗನೀಸು ಚಿತ್ರದುರ್ಗದ ನೆಲದಲ್ಲೇ ಸಿಗುತ್ತದೆ, ನಿಕ್ಕಲ್ ಹಡಗಿನಲ್ಲಿ ಬರಬೇಕು.) ಆದರೆ ನಿಕ್ಕಲ್ ತೀರಾ ಇಳಿಸಿದರೆ ಕ್ರೋಮಿಯಮ್ಮನ್ನೂ ಇಳಿಸಲೇಬೇಕು, ಅಗ್ಗದ ಮಾಲಲ್ಲಿ ಕ್ರೋಮಿಯಂ ಶೇ. 15ರ ಆಸುಪಾಸು. ಮ್ಯಾಗ್ನೆಟ್ ಹಿಡಿಯಲ್ಲ ಅಂತ ತೋರಿಸಿ 304 ಎಂದು ಮಾರುವುದೂ ಇದನ್ನೇ.

ನೀವು ಕೇಳಬೇಕಾದದ್ದು 1.4003 ಎಂಬ ದರ್ಜೆ, ಅಂದರೆ 3ಸಿಆರ್12 ಜಾತಿಯ ಫೆರಿಟಿಕ್ ಸ್ಟೀಲು. ಕ್ರೋಮಿಯಂ ಶೇ. 10.5ರಿಂದ 12.5 (200 ಸರಣಿಗಿಂತಲೂ ಕಡಿಮೆಯೇ, ಆದರೆ ಹೊಳಪು ಬೇಡದ ಟ್ರಸ್ಸಿಗೆ ಸಾಕು), ನಿಕ್ಕಲ್ ಹೆಚ್ಚೆಂದರೆ 1, ಕಾರ್ಬನ್ 0.03ರೊಳಗೆ. ಇದನ್ನು ಮ್ಯಾಗ್ನೆಟ್ ಹಿಡಿಯುತ್ತದೆ, ಗಾಬರಿಯಾಗಬೇಡಿ. ನಮ್ಮ ರೈಲ್ವೆ ವ್ಯಾಗನ್ನುಗಳಿಗೆ ಬಳಸುವ ಐಆರ್‌ಎಸ್ ಎಂ-44 ಸ್ಟೀಲೂ ಇದೇ ಬಳಗದ್ದು. ಬಿಸಿಗೆ 304ರಷ್ಟು ಹಿಗ್ಗುವುದಿಲ್ಲ, ಹಾಗಾಗಿ ವೆಲ್ಡಿಂಗ್‌ನಲ್ಲಿ ಸೊಟ್ಟಗಾಗುವುದೂ ಕಡಿಮೆ. ಹೊಳಪು ಬೇಕೆಂದರೆ ಇದಲ್ಲ. ಮೇಲ್ಮೈ ಸ್ವಲ್ಪ ಕಂದು ತಿರುಗುತ್ತದೆ, ಅಷ್ಟೇ.

ಇದು ಕೆಡುವುದು ವೆಲ್ಡಿಂಗ್‌ನಲ್ಲಿ. ಬಿಸಿ ಹೆಚ್ಚಾದರೆ ಜೋಡಣೆಯ ಪಕ್ಕದ ಹರಳು ದಪ್ಪಗಾಗಿ ಅಲ್ಲೇ ಪೆಡಸಾಗುತ್ತದೆ. ವೆಲ್ಡಿನ ಉದ್ದದ ಪ್ರತಿ ಮಿಲಿಮೀಟರಿಗೆ ಶಾಖ 1 ಕಿಲೋಜೌಲ್ ದಾಟಿಸಬೇಡಿ. 120 ಆಂಪ್, 22 ವೋಲ್ಟ್ ಇಟ್ಟು ಸೆಕೆಂಡಿಗೆ 4 ಮಿ.ಮೀ. ಸಾಗಿದರೆ 0.66, ವೆಲ್ಡರ್ ನಿಧಾನಿಸಿ 2 ಮಿ.ಮೀ.ಗೆ ಇಳಿದರೆ 1.32, ಕೆಲಸ ಕೆಟ್ಟಿತು. 309ಎಲ್ ವೈರ್ (ಜೋಡಣೆಯಲ್ಲಿ ಕರಗಿ ತುಂಬುವ ಸ್ಟೇನ್‌ಲೆಸ್ ತಂತಿ) ಕೊಡಿಸಿ. ಒಂದು ಪದರ 100 ಡಿಗ್ರಿಗಿಂತ ಕೆಳಕ್ಕೆ ಆರಿದ ಮೇಲೆ ಇನ್ನೊಂದು. ವೆಲ್ಡಿನ ಪಕ್ಕದ ನೀಲಿ-ಕಂದು ಕಲೆಯನ್ನು ಪಿಕ್ಲಿಂಗ್ ಪೇಸ್ಟ್‌ನಿಂದ (ಆಮ್ಲದ ಲೇಪದಿಂದ) ತೆಗೆಸಿ, ಬಿಟ್ಟರೆ ಮೊದಲ ಮಳೆಗಾಲಕ್ಕೇ ಆ ಗೆರೆಯುದ್ದಕ್ಕೂ ತುಕ್ಕು. ಬೋಲ್ಟುಗಳೂ ಸ್ಟೇನ್‌ಲೆಸ್ಸೇ ಇರಲಿ. ದೊಡ್ಡ ಸ್ಟೇನ್‌ಲೆಸ್ ಮೈಮೇಲೆ ಜಿಂಕ್ ಲೇಪದ ಸಣ್ಣ ಬೋಲ್ಟು ಹಾಕಿದರೆ, ತೇವ ತಾಗಿದ ಕಡೆ ಜಿಂಕ್ ಬೇಗ ಕರಗಿಹೋಗುತ್ತದೆ.

ಲೀನ್ ಡ್ಯೂಪ್ಲೆಕ್ಸ್ 2101 ಅಂತ ಇನ್ನೊಂದಿದೆ: ನಿಕ್ಕಲ್ ಬರೀ ಶೇ. 1.5, ಯೀಲ್ಡ್ (ಕಾಯಂ ಬಾಗದೆ ತಡೆಯುವ ಬಲ) 450 ಮೆಗಾಪ್ಯಾಸ್ಕಲ್, 304ರ ಎರಡರಷ್ಟು. ಗೇಜು (ದಪ್ಪ) ಇಳಿಸಿ ದುಡ್ಡು ಉಳಿಸಬಹುದು ಅನ್ನಿಸುತ್ತದೆ. ಆದರೆ ಬಿಗಿತ ಹೆಚ್ಚೂಕಡಿಮೆ ಎಲ್ಲ ಸ್ಟೀಲಿಗೂ ಒಂದೇ, 200 ಗಿಗಾಪ್ಯಾಸ್ಕಲ್. ಪರ್ಲಿನ್ (ಛಾವಣಿ ಹಾಳೆ ಹೊರುವ ಅಡ್ಡಪಟ್ಟಿ) ಜೋತುಬೀಳುವುದನ್ನು ನೋಡಿ ಗೇಜು ಇಡುವಲ್ಲಿ ಆ ಬಲ ದಂಡ.

ಒಂದೇ ಒಂದು ತಕರಾರು: ಅದೇ ಗೋದಾಮಿನಲ್ಲಿ ಪೊಟ್ಯಾಶ್ ಗೊಬ್ಬರದ ಚೀಲಗಳನ್ನೂ ಇಡುವುದಾದರೆ 1.4003 ಬೇಡ. ಆ ಗೊಬ್ಬರ ಕ್ಲೋರೈಡು, ಅದರ ಧೂಳು ಕೂತಲ್ಲೆಲ್ಲ ತೂತು ಕೊರೆಯುತ್ತದೆ.