ಮರಡಿಹಳ್ಳಿಯ ಪಿಲ್ಲೋ ಲಾವಾ ನೋಡಲು ಖಾಸಗಿ ಗೈಡ್ ಬೇಕೇ?

ದಾವಣಗೆರೆಯಿಂದ ಕಾರಿನಲ್ಲಿ ಮನೆಮಂದಿಯೊಂದಿಗೆ ಹೊರಟು, ಚಿತ್ರದುರ್ಗದ ಕೋಟೆಯನ್ನೂ ಮರಡಿಹಳ್ಳಿಯ ಲಾವಾ ಶಿಲೆಯನ್ನೂ ಒಂದೇ ದಿನದಲ್ಲಿ ನೋಡಬಹುದೇ, ಅದಕ್ಕಾಗಿ ತಮ್ಮ ಕುಟುಂಬಕ್ಕೆಂದೇ ಪ್ರತ್ಯೇಕ ಗೈಡ್ ಗೊತ್ತುಮಾಡಿಕೊಂಡರೆ ದುಡ್ಡಿಗೆ ತಕ್ಕ ಪ್ರಯೋಜನವಿದೆಯೇ ಎಂದು ತಾವು ಕೇಳಿದ್ದೀರಿ. ಒಂದು ದಿನ ಧಾರಾಳವಾಗಿ ಸಾಕು. ಗೈಡ್ ಕೋಟೆಗೆ ಇದ್ದರೆ ಒಳ್ಳೆಯದು, ಮರಡಿಹಳ್ಳಿಗೆ ಇರಲೇಬೇಕು. ಆದರೆ ಮರಡಿಹಳ್ಳಿಗೆ ದಾರಿ ಬಲ್ಲವರು ಸಾಲದು, ಕಲ್ಲು ಬಲ್ಲವರೇ ಬೇಕು. ನಾನು ಚಿತ್ರದುರ್ಗದವನು, ಬಹುಕಾಲ ಭೂವಿಜ್ಞಾನದ ಪಾಠ ಹೇಳಿ, ವಿದ್ಯಾರ್ಥಿಗಳನ್ನೂ ಪರಿಚಿತರ ಕುಟುಂಬಗಳನ್ನೂ ಈ ಬಂಡೆಗಳ ಬಳಿಗೆ ಕರೆದೊಯ್ದಿದ್ದೇನೆ. ಆ ಅನುಭವದ ಮೇಲೆ ಈ ಉತ್ತರ ಬರೆಯುತ್ತಿದ್ದೇನೆ.

ಮರಡಿಹಳ್ಳಿ ಇರುವುದು ಹಿರಿಯೂರು ತಾಲ್ಲೂಕಿನಲ್ಲಿ, ಚಿತ್ರದುರ್ಗದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಐಮಂಗಲದ ಸಮೀಪ. ಇಲ್ಲಿನ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಜ್ವಾಲಾಮುಖಿ ಎಂಬ ಮಾತು ಕೇಳಿ ಬಂದವರು ಶಂಕುವಿನಾಕಾರದ ಬೆಟ್ಟವನ್ನೋ ಆಳವಾದ ಬಾಯನ್ನೋ ಹುಡುಕುತ್ತಾರೆ. ಅಂಥದ್ದೇನೂ ಇಲ್ಲಿಲ್ಲ, ಬಿಸಿಲಿನಲ್ಲಿ ಬಿದ್ದಿರುವ, ಉಬ್ಬುತಗ್ಗುಗಳಿಂದ ಕೂಡಿದ ಹಸಿರುಗಪ್ಪು ಬಂಡೆಯಷ್ಟೇ ಕಣ್ಣಿಗೆ ಬೀಳುತ್ತದೆ. ವಿವರಿಸುವವರು ಜೊತೆಯಲ್ಲಿಲ್ಲದ ಎಷ್ಟೋ ಕುಟುಂಬಗಳು ನಾಲ್ಕು ಫೋಟೊ ತೆಗೆದುಕೊಂಡು, ಇಷ್ಟೇನಾ ಎಂದುಕೊಂಡು ಕಾರು ಹತ್ತುವುದನ್ನು ಕಂಡು ನನಗೆ ಬಹಳ ನೋವಾಗಿದೆ. ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ವಿಸ್ಮಯ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಲ್ಲಿ ನಿಂತು ನೋಡಬೇಕಾದದ್ದೇನೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬಸಾಲ್ಟ್ ಲಾವಾ ಸುಮಾರು 1100ರಿಂದ 1200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೊರಬರುತ್ತದೆ. ಅದು ನೀರಿನಡಿಯಲ್ಲಿ ಉಕ್ಕಿದಾಗ ತಣ್ಣೀರು ತಾಗಿದ ಹೊರಮೈ ತಕ್ಷಣವೇ ಗಾಜಿನಂತೆ ಗಟ್ಟಿಯಾಗುತ್ತದೆ, ಒಳಗಿನದು ಮಾತ್ರ ಇನ್ನೂ ಹರಿಯುತ್ತಲೇ ಇರುತ್ತದೆ. ಒಳಗಿನ ಒತ್ತಡಕ್ಕೆ ಆ ಸಿಪ್ಪೆ ಬಿರಿದು, ಬಿರುಕಿನಿಂದ ಇನ್ನೊಂದು ನಾಲಿಗೆ ಹೊರಚಾಚಿ, ಅದೂ ದುಂಡಗಾಗಿ ಗಟ್ಟಿಯಾಗುತ್ತದೆ. ಹೀಗೆ ಒಂದರ ಮೇಲೊಂದು ಬಿದ್ದ ದಿಂಬುಗಳ ರಾಶಿಯೇ ಪಿಲ್ಲೋ ಲಾವಾ. ಚಳ್ಳಕೆರೆಯ ಮಂಡಿಯಲ್ಲಿ ಶೇಂಗಾ ಚೀಲಗಳನ್ನು ಪೇರಿಸಿದಾಗ ಮೇಲಿನ ಚೀಲದ ಹೊಟ್ಟೆ ಕೆಳಗಿನ ಎರಡು ಚೀಲಗಳ ನಡುವಿನ ಸಂದಿಗೆ ಇಳಿದು ಕೂರುತ್ತದಲ್ಲ, ಹಾಗೆಯೇ ಇನ್ನೂ ಮೆತ್ತಗಿದ್ದ ಮೇಲಿನ ದಿಂಬು ಕೆಳಗಿನವುಗಳ ಸಂದಿಗೆ ಜೋತುಬಿದ್ದು ಚೂಪಾದ ಬಾಲ ಪಡೆಯುತ್ತದೆ, ಅದರ ಬೆನ್ನು ಮಾತ್ರ ದುಂಡಗೆ ಉಳಿಯುತ್ತದೆ. ಬೆನ್ನು ಇರುವ ಕಡೆ ಅಂದಿನ ಮೇಲ್ಭಾಗ, ಬಾಲ ಇರುವ ಕಡೆ ಅಂದಿನ ಕಡಲತಳ. ಚಿತ್ರದುರ್ಗ ಶಿಲಾಪಟ್ಟಿಯ ಪದರಗಳು ಆಮೇಲೆ ಮಡಿಕೆಬಿದ್ದು ಕಡಿದಾಗಿ ವಾಲಿಕೊಂಡಿವೆ. ಆದ್ದರಿಂದ ಪದರ ಸರಿಯಾಗಿದೆಯೇ ತಲೆಕೆಳಗಾಗಿದೆಯೇ ಎಂದು ತಿಳಿಯಲು ಭೂವಿಜ್ಞಾನಿಗಳು ಇಂಥ ದಿಂಬುಗಳನ್ನೇ ಸಾಕ್ಷಿಯಾಗಿ ಬಳಸುತ್ತಾರೆ.

ಒಂದು ದಿಂಬನ್ನು ಆರಿಸಿಕೊಂಡು, ಅದರ ಮೇಲಿನ ಧೂಳು ಒರೆಸಿ, ಬಾಟಲಿಯಿಂದ ಸ್ವಲ್ಪ ನೀರು ಸುರಿಯಿರಿ. ಒಣಗಿದ್ದಾಗ ಒಂದೇ ಬಣ್ಣವಾಗಿ ತೋರುತ್ತಿದ್ದ ಕಲ್ಲಿನಲ್ಲಿ ಅಂಚು ಬೇರೆ, ನಡುಭಾಗ ಬೇರೆ ಎಂಬುದು ಕೂಡಲೇ ಎದ್ದು ಕಾಣುತ್ತದೆ. ಆ ಅಂಚು ಗಾಜಾಗಿ ಹೆಪ್ಪುಗಟ್ಟಿದ್ದ ಸಿಪ್ಪೆ. ಇಷ್ಟು ದೀರ್ಘಕಾಲ ಗಾಜು ಗಾಜಾಗಿ ಉಳಿಯುವುದಿಲ್ಲವಾದ್ದರಿಂದ ಅದು ಈಗ ಬೇರೆ ಖನಿಜಗಳಾಗಿ ಮಾರ್ಪಟ್ಟಿದೆ. ಬಂಡೆಗೆ ಹಸಿರು ಛಾಯೆ ಕೊಟ್ಟಿರುವುದು ಮುಖ್ಯವಾಗಿ ಕ್ಲೋರೈಟ್ ಎಂಬ ಖನಿಜ. ಅನಿಲದ ಗುಳ್ಳೆಗಳು ಸಿಕ್ಕಿಹಾಕಿಕೊಂಡ ಪುಟ್ಟ ಕುಳಿಗಳು ಇಂಥ ಲಾವಾದಲ್ಲಿ ಸಾಮಾನ್ಯವಾಗಿ ಅಂಚಿನ ಒಳಬದಿಯಲ್ಲಿ ಇರುತ್ತವೆ. ಕೆಲವು ಬಿಳಿಯ ಖನಿಜದಿಂದ ತುಂಬಿಕೊಂಡಿರುವುದೂ ಉಂಟು. ಮಕ್ಕಳ ಕೈಗೆ ಹತ್ತು ಪಟ್ಟು ಹಿಗ್ಗಿಸುವ ಒಂದು ಲೆನ್ಸ್ ಕೊಟ್ಟರೆ ಅವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಗುತ್ತದೆ. ಈ ಲಾವಾ ಉಕ್ಕಿದ ಕಾಲದಲ್ಲಿ ನೆಲದ ಮೇಲೆ ಹುಲ್ಲುಕಡ್ಡಿಯೂ ಇರಲಿಲ್ಲ, ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿತ್ತು, ಇದ್ದ ಜೀವಿಗಳೆಲ್ಲ ಸೂಕ್ಷ್ಮಾಣುಗಳು ಎಂಬುದನ್ನು ಬಂಡೆಯ ಮೇಲೆ ಕೈಯಿಟ್ಟುಕೊಂಡೇ ಕೇಳಬೇಕು. ಈಗಲೂ ಸಮುದ್ರತಳದಲ್ಲಿ ಇಂಥ ದಿಂಬುಗಳು ಹುಟ್ಟುತ್ತಿವೆ. ಹವಾಯಿಯ ಕಿಲಾವೇಯಾ ಜ್ವಾಲಾಮುಖಿಯ ಲಾವಾ ಕಡಲಿಗಿಳಿದಾಗ ಮುಳುಗುಗಾರರು 1970ರ ದಶಕದಲ್ಲೇ ಅದನ್ನು ಚಿತ್ರೀಕರಿಸಿದ್ದಾರೆ. ಅಂಥ ಒಂದು ವಿಡಿಯೊವನ್ನು ಮೊದಲೇ ಫೋನಿನಲ್ಲಿ ಇಳಿಸಿಕೊಂಡು ಬಂದು ಬಂಡೆಯ ಪಕ್ಕದಲ್ಲೇ ತೋರಿಸಿ.

ಗೈಡ್ ಆಯ್ಕೆ ಮಾಡುವಾಗ ಫೋನಿನಲ್ಲೇ ಒಂದು ಪ್ರಶ್ನೆ ಕೇಳಿ: ಈ ದಿಂಬುಗಳಲ್ಲಿ ಮೇಲ್ಭಾಗ ಯಾವುದು, ಕೆಳಭಾಗ ಯಾವುದು, ಅದನ್ನು ಹೇಗೆ ಗುರುತಿಸುತ್ತೀರಿ? ಬೆನ್ನು ಮತ್ತು ಬಾಲದ ಮಾತು ಅವರ ಬಾಯಿಂದ ಬಂದರೆ ನಿಶ್ಚಿಂತೆಯಿಂದ ಗೊತ್ತುಮಾಡಿಕೊಳ್ಳಿ. ಪ್ರಪಂಚದಲ್ಲೇ ಅಪರೂಪ, ವಿದೇಶದವರೂ ಬರುತ್ತಾರೆ ಎಂಬ ಹೊಗಳಿಕೆಯಷ್ಟೇ ಬಂದರೆ ಬೇರೆಯವರನ್ನು ಹುಡುಕಿ. ಕೋಟೆಯ ಬಾಗಿಲಲ್ಲಿ ಸಿಗುವ ಗೈಡ್‌ಗಳು ಮದಕರಿನಾಯಕರ ಇತಿಹಾಸವನ್ನೂ ಓಬವ್ವನ ಕಿಂಡಿಯ ಕಥೆಯನ್ನೂ ಮನಮುಟ್ಟುವಂತೆ ಹೇಳುತ್ತಾರೆ, ಅದಕ್ಕಾಗಿ ಅವರ ಮೇಲೆ ನನಗೆ ಗೌರವವಿದೆ. ಲಾವಾದ ವಿಷಯವನ್ನೂ ಅವರೇ ಹೇಳಲಿ ಎಂದು ನಿರೀಕ್ಷಿಸುವುದು ಮಾತ್ರ ನ್ಯಾಯವಲ್ಲ. ಭೂವಿಜ್ಞಾನ ಕಲಿಸುವ ಕಾಲೇಜುಗಳ ಅಧ್ಯಾಪಕರನ್ನೋ ಸಂಶೋಧನಾ ವಿದ್ಯಾರ್ಥಿಗಳನ್ನೋ ವಿಚಾರಿಸಿದರೆ ರಜಾದಿನದಲ್ಲಿ ಬರಲು ಒಪ್ಪುವವರು ಸಿಗುತ್ತಾರೆ. ಸಂಭಾವನೆ, ಊಟ, ಅವರನ್ನು ಮನೆಗೆ ಮರಳಿ ಬಿಡುವ ವ್ಯವಸ್ಥೆ ಇವೆಲ್ಲವನ್ನೂ ಮೊದಲೇ ಮಾತಾಡಿಕೊಂಡುಬಿಡಿ.

ದಿನದ ಕ್ರಮದಲ್ಲಿ ನನ್ನ ಸಲಹೆ ಇಷ್ಟು. ದಾವಣಗೆರೆಯಿಂದ ಬೆಳಗಿನ ಜಾವವೇ ಹೊರಟು, ಚಿತ್ರದುರ್ಗದಲ್ಲಿ ನಿಲ್ಲದೆ ನೇರವಾಗಿ ಮರಡಿಹಳ್ಳಿಗೆ ಬನ್ನಿ. ಎಳೆಬಿಸಿಲು ಓರೆಯಾಗಿ ಬೀಳುವಾಗ ದಿಂಬುಗಳ ಉಬ್ಬು ಸ್ಪಷ್ಟವಾಗಿ ತೋರುತ್ತದೆ. ನಡುಹಗಲಿನಲ್ಲಿ ಬಂಡೆಯೂ ಕಾದಿರುತ್ತದೆ, ನೆರಳುಗಳೂ ಅಳಿಸಿಹೋಗಿರುತ್ತವೆ. ಕೋಟೆಯನ್ನು ಮಧ್ಯಾಹ್ನದ ಊಟ ಮುಗಿಸಿ ಬಿಸಿಲು ಇಳಿದ ಮೇಲೆ ಹತ್ತಿ. ಲಾವಾ ನೋಡಿಬಂದ ಕಣ್ಣಿಗೆ ಕೋಟೆಯ ಬಂಡೆಗಳು ಬೇರೆಯಾಗಿಯೇ ಕಾಣುತ್ತವೆ. ಅವು ಗ್ರಾನೈಟ್. ನೆಲದ ಆಳದಲ್ಲಿ ಬಹಳ ನಿಧಾನವಾಗಿ ತಣಿದ ಶಿಲಾರಸದಲ್ಲಿ ಹರಳುಗಳು ಬೆಳೆಯಲು ಸಮಯ ಸಿಕ್ಕಿದ್ದರಿಂದ ಅವು ಬರಿಗಣ್ಣಿಗೇ ಕಾಣುತ್ತವೆ. ಬೆಳಿಗ್ಗೆ ನೋಡಿದ ಲಾವಾದಲ್ಲಿ ಅಂಥ ಹರಳುಗಳು ಕಾಣದಿರಲು ಅದು ಬೇಗ ತಣಿದದ್ದೇ ಕಾರಣ. ಮೇಲಿನ ಪದರಗಳು ಸವೆದುಹೋಗಿ ಹೊರಬಂದ ಗ್ರಾನೈಟು ಬಿರುಕುಗಳ ಗುಂಟ ಸವೆದು ಸವೆದು ಈ ಗುಂಡುಗಳಾಗಿದೆ. ಏಳು ಸುತ್ತಿನ ಕೋಟೆಯನ್ನು ಕಟ್ಟಿದವರು ಆ ಗುಂಡುಗಳನ್ನೇ ಗೋಡೆಯ ಭಾಗವಾಗಿ ಬಳಸಿಕೊಂಡದ್ದನ್ನು ಪ್ರತಿ ತಿರುವಿನಲ್ಲೂ ಗಮನಿಸಬಹುದು.

ವಾಣಿ ವಿಲಾಸ ಸಾಗರವನ್ನೂ ಅದೇ ದಿನ ಸೇರಿಸಿಕೊಡುತ್ತೇವೆ ಎಂದು ಟ್ಯಾಕ್ಸಿಯವರು ಹೇಳುವುದುಂಟು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟೆ ನಿಜಕ್ಕೂ ನೋಡತಕ್ಕದ್ದು, ಆದರೆ ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ. ಇಂಗಳದಾಳಿನ ಹಳೆಯ ತಾಮ್ರದ ಗಣಿ ಇದೇ ಜ್ವಾಲಾಮುಖಿ ಶಿಲೆಗಳ ಪಟ್ಟಿಯಲ್ಲಿದೆ. ಗಣಿ ಮುಚ್ಚಿರುವುದರಿಂದ ಗೈಡ್ ಕರೆದರೂ ಒಳಗೆ ಕಾಲಿಡಬೇಡಿ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಕಟ್ಟುನಿಟ್ಟಾಗಿರಿ. ಪ್ರವಾಸಿಗರಿಗೆ ನೆನಪಿಗಿರಲಿ ಎಂದು ಸುತ್ತಿಗೆಯಿಂದ ದಿಂಬಿನ ಅಂಚು ಒಡೆದುಕೊಟ್ಟ ಗೈಡ್ ಒಬ್ಬರನ್ನು ನಾನೇ ತಡೆದಿದ್ದೇನೆ. ಅಂಚೇ ಹೋದರೆ ಆ ದಿಂಬು ನೀರಿನಲ್ಲಿ ಹುಟ್ಟಿತೆಂಬ ಮುಖ್ಯ ಕುರುಹೇ ಹೋದಂತೆ, ಮತ್ತು ಅದನ್ನು ಯಾರೂ ಮರಳಿ ಜೋಡಿಸಲಾರರು. ತಮ್ಮ ಗೈಡ್ ಚೀಲದಲ್ಲಿ ಸುತ್ತಿಗೆ ಇದ್ದರೆ ಅದು ಕಾರಿನಲ್ಲೇ ಉಳಿಯಲಿ ಎಂದು ಮೊದಲೇ ಹೇಳಿಬಿಡಿ. ಬಂಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸುವುದೂ ಬೇಡ. ಬೆರಳಿನಿಂದ ತೋರಿಸಿದರೆ ಸಾಕು.

ಬರಲು ನವೆಂಬರಿನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ಹಿತ. ಟೋಪಿ, ಹಿಡಿತವಿರುವ ಶೂ, ಕುಡಿಯುವುದಕ್ಕಲ್ಲದೆ ಬಂಡೆಗೆ ಸುರಿಯಲೆಂದು ಇನ್ನೆರಡು ಬಾಟಲಿ ನೀರು ಇರಲಿ. ವಯಸ್ಸಾದವರು ಜೊತೆಯಲ್ಲಿದ್ದರೆ ಮರಡಿಹಳ್ಳಿಯಲ್ಲಿ ಎಷ್ಟು ದೂರ ನಡೆಯಬೇಕು, ಕಾರು ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಹಿಂದಿನ ದಿನವೇ ಗೈಡ್‌ರಿಂದ ತಿಳಿದುಕೊಳ್ಳಿ. ಕೋಟೆಯಲ್ಲಿ ಅವರು ಕೆಳಗಿನ ಸುತ್ತುಗಳನ್ನಷ್ಟೇ ನೋಡಿ ಕುಳಿತಿರಬಹುದು. ಅಲ್ಲಿನ ಗೋಡೆಗಳ ಪಕ್ಕದಲ್ಲೇ ಗ್ರಾನೈಟಿನ ಹರಳುಗಳನ್ನು ಲೆನ್ಸಿನಲ್ಲಿ ನೋಡಲು ಅನುಕೂಲವಿದೆ.