ಹೋಮ್‌ಸ್ಟೇ ಅತಿಥಿಗಳ ಫೋನ್, ಟಿವಿ ನನ್ನ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಕಾಣಿಸುತ್ತಿದೆ (ಗೋಕರ್ಣ): ಪ್ರತಿಕ್ರಿಯೆ

ಹ್ಯಾಕ್ ಆಗಿರುವ ಸಾಧ್ಯತೆ ಕಡಿಮೆ. ನೀವೂ ಅತಿಥಿಗಳೂ ಒಂದೇ ವೈಫೈನಲ್ಲಿದ್ದೀರಿ, ಅದಕ್ಕೇ ಅವರ ಸಾಧನಗಳು ಕಾಣಿಸುತ್ತಿವೆ.

ಈಗಲೇ ವಿಂಡೋಸ್ ಸೆಟ್ಟಿಂಗ್ಸ್‌ಗೆ ಹೋಗಿ ಆ ವೈಫೈಯನ್ನು ‘ಪಬ್ಲಿಕ್’ ಮಾಡಿ, ಆಗ ನಿಮ್ಮ ಲ್ಯಾಪ್‌ಟಾಪ್ ಬೇರೆಯವರ ಸಾಧನಗಳಿಗೆ ಕಾಣಿಸುವುದಿಲ್ಲ. ಆಮೇಲೆ ರೂಟರ್ ಅಡಿಯ ಚೀಟಿ ನೋಡಿ. ಅದರಲ್ಲಿರುವ ವಿಳಾಸವನ್ನು, ಸಾಮಾನ್ಯವಾಗಿ 192.168.1.1, ಬ್ರೌಸರ್‌ನಲ್ಲಿ ಹಾಕಿ ಲಾಗಿನ್ ಆಗಿ. ಮೊದಲು ಅಡ್ಮಿನ್ ಪಾಸ್‌ವರ್ಡ್, ಅಂದರೆ ಹೀಗೆ ರೂಟರ್‌ಗೆ ಲಾಗಿನ್ ಆಗುವ ಪಾಸ್‌ವರ್ಡ್, ಬದಲಿಸಿ. ಆ ಚೀಟಿಯನ್ನು ಅತಿಥಿಗಳೂ ಓದಬಹುದು, ಅಲ್ವಾ? ನಂತರ ಗೆಸ್ಟ್ ನೆಟ್‌ವರ್ಕ್, ಅಂದರೆ ಅತಿಥಿಗಳಿಗೆ ಬೇರೆಯದೇ ವೈಫೈ, ಆನ್ ಮಾಡಿ. ಅಲ್ಲಿಂದ ನಿಮ್ಮ ಮುಖ್ಯ ವೈಫೈನ ಸಾಧನಗಳಿಗೆ ದಾರಿ ಬಂದ್ ಮಾಡುವ ಆಯ್ಕೆ ಇದ್ದರೆ ಅದನ್ನೂ ಟಿಕ್ ಮಾಡಿ. ಮುಖ್ಯ ವೈಫೈಗೂ ಹೊಸ ಪಾಸ್‌ವರ್ಡ್ ಬೇಕು. ಇದನ್ನೇ ಜಾಸ್ತಿ ಜನ ಮರೆಯೋದು. ಹಳೆಯದು ಕಳೆದ ಸೀಸನ್‌ಗೆ ಬಂದವರ ಫೋನಿನಲ್ಲೂ ಇರುತ್ತದೆ.

ನಿಮ್ಮ ರೂಟರ್‌ನಲ್ಲಿ ಗೆಸ್ಟ್ ಆಯ್ಕೆ ಇದೆಯೋ ಇಲ್ಲವೋ, ಮಾಡೆಲ್ ನೋಡದೆ ಹೇಳಲಾರೆ. ಇಲ್ಲದಿದ್ದರೆ ಕುಮಟಾದಿಂದ ಇನ್ನೊಂದು ಸಾದಾ ರೂಟರ್ ತನ್ನಿ, ದುಬಾರಿಯದು ಸುಮ್ನೆ ದಂಡ. ಹಳೆಯ ರೂಟರ್ ಹಿಂದಿನ ‘LAN’ ಕಿಂಡಿಯಿಂದ ಹೊಸದರ ‘WAN’ (ಇಂಟರ್ನೆಟ್ ಒಳಬರುವ) ಕಿಂಡಿಗೆ ಕೇಬಲ್ ಹಾಕಿ. ಹೊಸದು ನಿಮಗೆ, ಹಳೆಯದು ಅತಿಥಿಗಳಿಗೆ. ಉಲ್ಟಾ ಮಾಡಬೇಡಿ. ಹಾಗೆ ಮಾಡಿದರೆ ಅತಿಥಿಗಳಿಗೆ ನಿಮ್ಮ ಲ್ಯಾಪ್‌ಟಾಪ್‌ವರೆಗೂ ದಾರಿ ಉಳಿಯುತ್ತದೆ.