ನಾಲ್ಕೇ ಟ್ಯಾಗ್ ಇದ್ದರೆ ಎಕ್ಸ್‌ಎಂಎಲ್ ಅನ್ನು ಎಫ್-ಸ್ಟ್ರಿಂಗ್‌ನಲ್ಲೇ ಜೋಡಿಸಿದರೆ ಸಾಕಲ್ಲವೇ?

ನಿಮ್ಮ ಪ್ರಶ್ನೆ ಓದಿದೆ: ಕಲಬುರಗಿ ಗಂಜ್, ಅಡತಿ ಅಂಗಡಿ, ತೊಗರಿ ಖರೀದಿ ಪಟ್ಟಿ, ಲೆಕ್ಕದ ಸಾಫ್ಟ್‌ವೇರಿಗೆ ಪೈಥಾನಿನಿಂದ ಎಕ್ಸ್‌ಎಂಎಲ್ (ಟ್ಯಾಗ್‌ಗಳ ನಡುವೆ ಮಾಹಿತಿ ಇಡೋ ಫೈಲ್) ಕಳಿಸಬೇಕು ಅಂತೀರಿ. ನನ್ನ ಹಳೇ ಕೋಡೇ ಎದುರು ಬಂದು ನಿಂತಂಗಾಯ್ತು. "ಲೈಬ್ರರಿ ಭಾರ ಯಾಕೆ" ಅಂತ ಕೇಳೀರಿ. ಭಾರ ಎಲ್ಲದರೀ? ಎಕ್ಸ್‌ಎಂಎಲ್ ಕಟ್ಟೋ ಎಲಿಮೆಂಟ್‌ಟ್ರೀ ಲೈಬ್ರರಿ ಪೈಥಾನ್ ಜೊತೆಗೇ ಬರ್ತದ, ಹೊರಗಿನ ಲೈಬ್ರರಿ ಇಳಿಸೋ ಪಿಪ್ ಸುದ್ದಿಗೇ ಹೋಗೋದು ಬ್ಯಾಡ.

ನಾನೂ ಎಫ್-ಸ್ಟ್ರಿಂಗ್‌ನಲ್ಲೇ, ಅಂದ್ರ ಪಠ್ಯದ ನಡುವೆ ಹೆಸರು, ಸಂಖ್ಯೆ ತುಂಬೋ ಪೈಥಾನ್ ಸ್ಟ್ರಿಂಗ್‌ನಲ್ಲೇ ಶುರು ಮಾಡಿದ್ದೆ. ‘& ಸನ್ಸ್’ ಅಂತ ಮುಗಿಯೋ ಹೆಸರು ಬಂದ ದಿನ ಲೆಕ್ಕದ ಸಾಫ್ಟ್‌ವೇರ್ ಫೈಲ್ ಓದಲೇ ಇಲ್ಲ. ಎಕ್ಸ್‌ಎಂಎಲ್‌ನಲ್ಲಿ & ಚಿಹ್ನೆ ಒಂಟಿಯಾಗಿ ಇರಂಗಿಲ್ಲ; ಅದರ ಬೆನ್ನಿಗೆ ಎ, ಎಂ, ಪಿ ಮತ್ತ ಅರ್ಧವಿರಾಮ ಸೇರಿ ಐದು ಅಕ್ಷರ ಆಗಬೇಕು. ಹಂಗ ಬದಲಿಸೋ ಒಂದು ರಿಪ್ಲೇಸ್ ಸಾಲು ಹಾಕಿ ದಾಟಿಸಿದೆ. ಇಲ್ಲೀತನಕ ಏನೂ ಕೆಟ್ಟಿರಲಿಲ್ಲ.

ಕೆಟ್ಟದ್ದು ಆಮ್ಯಾಲೆ. ಎಲಿಮೆಂಟ್‌ಟ್ರೀಗೆ ಬಂದೆ, ಆದರೆ ಆ ರಿಪ್ಲೇಸ್ ಸಾಲು ಅಳಿಸಲಿಲ್ಲ. ಲೈಬ್ರರಿ ತಾನೇ & ಬದಲಿಸ್ತದ. ನಾನು ಒಮ್ಮೆ ಬದಲಿಸಿದ್ದನ್ನ ಅದು ಮತ್ತೊಮ್ಮೆ ಬದಲಿಸಿ, ಫೈಲಿನೊಳಗ ಐದಿದ್ದದ್ದು ಒಂಬತ್ತು ಅಕ್ಷರ ಆಯ್ತು. ಫೈಲ್ ಓದೋ ಪಾರ್ಸರ್ ಅದನ್ನ ಮತ್ತ ಮೂಲ ಚಿಹ್ನೆಗೆ ಬಿಚ್ಚೋದು ಒಂದೇ ಸಲ. ಹಿಂಗಾಗಿ & ಇರಬೇಕಾದ ಜಾಗದಾಗ ಐದಕ್ಷರ ಹಂಗೇ ಉಳೀತು. ಎರರ್ ಇಲ್ಲ, ಫೈಲ್ ಪೂರ್ತಿ ಸರಿ, ಆದರೆ ಹೆಸರು ಬ್ಯಾರೆ. ಆಮದು ಮಾಡುವಾಗ ಹೊಸ ಖಾತೆ ತಾನೇ ತೆರೀಲಿ ಅಂತ ಬಿಟ್ಟಿದ್ದೆ. ಒಬ್ಬನೇ ವ್ಯಾಪಾರಿಗೆ ಎರಡು ಖಾತೆ ಆದವು, ಅದೂ ಜನವರಿಯ ತೊಗರಿ ಸುಗ್ಗಿಯಾಗ. ಬಾಕಿ ಕೂಡಲಿಲ್ಲ, ವೋಚರ್ ಒಂದೊಂದೇ ಹಿಡಿದು ತಿದ್ದಿದೆ. ಒಡೆಯೋ ಫೈಲಿಗಿಂತ ಒಡೆಯದ ಫೈಲೇ ಕೆಟ್ಟದ್ದು.

ಆದ್ದರಿಂದ ಎಸ್ಕೇಪ್ ಮಾಡೋ, ಅಂದ್ರ ಇಂಥ ಚಿಹ್ನೆ ಬದಲಿಸೋ ಕೆಲಸಕ್ಕೆ ನೀವು ಕೈಯೇ ಹಚ್ಚಬ್ಯಾಡ್ರಿ. ಎಲ್ಲಕ್ಕೂ ಹೊರಗಿನ ಬೇರು ಟ್ಯಾಗಿಗೆ ಎಲಿಮೆಂಟ್, ಒಳಗಿನವಕ್ಕೆ ಸಬ್‌ಎಲಿಮೆಂಟ್, ಹೆಸರನ್ನ ಇದ್ದಂಗೇ ಟೆಕ್ಸ್ಟ್‌ಗೆ ಕೊಡ್ರಿ. ತೂಕ, ದರ ಮೊದಲು ಸ್ಟ್ರಿಂಗ್ ಆಗಬೇಕು. ಸಂಖ್ಯೆ ಹಂಗೇ ಇಟ್ಟರೆ ಬರೆಯುವಾಗ ಟೈಪ್‌ಎರರ್. ರೊಕ್ಕದ ಲೆಕ್ಕಕ್ಕೆ ಫ್ಲೋಟ್ ಬ್ಯಾಡ, ಡೆಸಿಮಲ್ ಹಿಡೀರಿ, ಇಲ್ಲಾಂದ್ರ 0.1 ಮತ್ತ 0.2 ಕೂಡಿಸಿದಾಗ 0.30000000000000004 ಅಂತ ಫೈಲಿಗೆ ಬೀಳ್ತದ.

ಉಳಿಸುವಾಗ ಎಲಿಮೆಂಟ್‌ಟ್ರೀಯ ರೈಟ್ ಕರೀರಿ, ಎನ್‌ಕೋಡಿಂಗ್ ಯುಟಿಎಫ್-8, ಎಕ್ಸ್‌ಎಂಎಲ್ ಡಿಕ್ಲರೇಶನ್ ಟ್ರೂ. ಎನ್‌ಕೋಡಿಂಗ್ ಬಿಟ್ಟರೆ ಕನ್ನಡ ಅಕ್ಷರ ಇಲ್ಲದ ಆಸ್ಕಿಗೆ ಹೋಗ್ತದ, ‘ಕ’ ಅಕ್ಷರ &#3221; ಆಗಿ ಕಾಣ್ತದ. ಅದು ತಪ್ಪಲ್ಲ, ಪಾರ್ಸರ್ ಓದ್ತದ. ಆದರೆ ನೋಟ್‌ಪ್ಯಾಡ್‌ನಾಗ ತೆರೆದ ಮಾಲೀಕರು ಗಾಬರಿ ಆಗ್ತಾರ. ಟುಸ್ಟ್ರಿಂಗ್ ಮಾಡಿ ಓಪನ್‌ನಿಂದ ಬರೆಯೋ ಚಟ ಬಿಡ್ರಿ, ವಿಂಡೋಸ್‌ನಾಗ ಓಪನ್‌ಗೆ ಎನ್‌ಕೋಡಿಂಗ್ ಹೇಳದಿದ್ದರೆ ಕನ್ನಡ ಹೆಸರಿಗೇ ಮುಗ್ಗರಿಸಬಹುದು. ಸಾಲು ಜರುಗಿಸಿ ಚಂದ ಕಾಣಬೇಕಂದ್ರ ಇಂಡೆಂಟ್ ಅದ, ಪೈಥಾನ್ 3.9ರಿಂದ.

ಲೈಬ್ರರಿಯೂ ಹಿಡಿಯದ ಒಂದು ಅದ: ಬೇರೆ ಕಡೆಯಿಂದ ಅಂಟಿಸಿದ ಹೆಸರಿನೊಳಗ ಕಾಣದ ಕಂಟ್ರೋಲ್ ಅಕ್ಷರ. ಎಕ್ಸ್‌ಎಂಎಲ್ 1.0ರಲ್ಲಿ 32ಕ್ಕಿಂತ ಕೆಳಗಿನ ಕೋಡ್‌ಗಳಲ್ಲಿ 9, 10, 13 ಮಾತ್ರ ನಡೀತಾವ. ಎಲಿಮೆಂಟ್‌ಟ್ರೀ ಉಳಿದವನ್ನೂ ಸುಮ್ಮನೆ ಬರೆದುಬಿಡ್ತದ, ಓದುವವರ ಕಡೆ ಒಡೀತದ. ಟೆಕ್ಸ್ಟ್‌ಗೆ ಕೊಡೋ ಮೊದಲೇ ಅವನ್ನ ಸೋಸ್ರಿ. ಟ್ಯಾಗ್ ಹೆಸರಿನಾಗ ಸ್ಪೇಸ್ ಇದ್ದರೂ ಹಂಗೇ, ಬರೆಯುವಾಗ ತಡೆಯಂಗಿಲ್ಲ.

ಫೈಲ್ ಕಳಿಸೋ ಮೊದಲು ಅದನ್ನೇ ಪಾರ್ಸ್‌ನಿಂದ ತೆರೆದು, ಓದಿ ಬಂದ ಹೆಸರು ಮತ್ತ ಡೇಟಾಬೇಸಿನ ಹೆಸರು ಒಂದೇನಾ ಅಂತ ಹೋಲಿಸ್ರಿ. ಆ ಪರೀಕ್ಷೆಯ ಪಟ್ಟಿಯಾಗ ‘& ಸನ್ಸ್’ ಒಂದು ಇರಲೇಬೇಕು.